ಮನೆ ನಂಬರಿಲ್ಲದ ಊರಲ್ಲಿ ಚಂದ್ರವ್ವ

ಭೀಮಾ ನದಿ ಮಹಾಪೂರ ಬಂದಾಗ ಹರಿಗೋಲು ಹಾಕಿ ಒಂದು ಕೇರಿಯ ಮಂದಿಯನ್ನೆಲ್ಲ ದಡ ಮುಟ್ಟಿಸಿದವನು ನಾಗಲಿಂಗಪ್ಪ. ಅವನ ಮಗಳು ಗುರವ್ವ ಸುತ್ತಿನ ಏಳು ಹಳ್ಳಿಗೆ ಸೂಲಗಿತ್ತಿ. ಕರೆ ಬಂದರೆ ಉಣ್ಣುವ ಗಂಗಾಳ ಬಿಟ್ಟು ಎದ್ದವಳು. ಆ ಗುರವ್ವನ ಮಗಳೇ ಲಂಡನ್ನಿನ ಕೆಂಟನ್ ಬಡಾವಣೆಯಲ್ಲಿರುವ ನಮ್ಮ ಚಂದ್ರವ್ವ. ಇಂಡಿ ತಾಲ್ಲೂಕು ಬಿಟ್ಟು ನಲವತ್ತು ವರ್ಷವಾದರೂ ನಾಲಿಗೆಯ ಮೊನೆ ಮೊಂಡಾಗಿಲ್ಲ.

ಎಪ್ಪತ್ನಾಲ್ಕರ ಆ ಗಟ್ಟಿ ಜೀವಕ್ಕೆ ಹೋದ ಚಳಿಗಾಲದಲ್ಲಿ ಪೆಟ್ಟು ಬಿತ್ತು. ಪಕ್ಕದ ವೆಂಬ್ಲಿಗೆ ಮೆಂತ್ಯ ಸೊಪ್ಪು ತರಲು ಹೋದವಳು ಹೊಸ ಫ್ಲ್ಯಾಟುಗಳ ನಡುವೆ ದಾರಿ ತಪ್ಪಿದಳು. ಎಲ್ಲವೂ ಒಂದೇ ಅಚ್ಚಿನವು, ಬೋರ್ಡು ಓದಲು ಬಾರದು, ಮೋಡದಲ್ಲಿ ಸೂರ್ಯನೂ ಇಲ್ಲ. ಮೂರು ತಾಸು ತಿರುಗಿದ ಮೇಲೆ ಯಾರೋ ಪುಣ್ಯಾತ್ಮರು ಮಗ ಶಂಕರನಿಗೆ ಫೋನ್ ಮಾಡಿದರು.

"ಅವ್ವಾ, ಇನ್ನ ಮ್ಯಾಲೆ ಒಬ್ಬಾಕಿನ ಹೊಸ್ತಿಲಾ ದಾಟಬ್ಯಾಡ," ಎಂದ ಶಂಕರ.

ದಾರಿ ತಪ್ಪಿದ್ದಕ್ಕಿಂತ ಆ ಮಾತು ಹೆಚ್ಚು ಸುಟ್ಟಿತು. "ನನ್ನ ತೆಲಿ ಕೆಟ್ಟೈತಿ ಅಂತ ತಿಳದಿಯೇನೋ?" ಎಂದಳು.

ಮೊಮ್ಮಗಳು ಸೃಷ್ಟಿ ಮಧ್ಯ ಅಮೆರಿಕದ ನಿಕರಾಗುವಾ ದೇಶದ ಲೆಯೋನ್ ಊರಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಫೆಬ್ರವರಿಯಲ್ಲಿ ತಾಯಿ ಮಗ ಅಲ್ಲಿಗೆ ಹೋದರು. ಸ್ಪೇನಿನವರು ಕಟ್ಟಿದ ಹಳೆಯ ಊರು, ಪೆಸಿಫಿಕ್ ಕಡಲಿಗೆ ಅರ್ಧ ತಾಸಿನ ದಾರಿ. ಹೆಂಚಿನ ಮನೆಗಳು, ದಪ್ಪ ಮಣ್ಣಿನ ಗೋಡೆ, ನಡುವೆ ಅಂಗಳ. ಸಂಜೆಯಾದರೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ಮುದುಕಿಯರು.

"ಇವರೂ ನಮ್ಹಂಗ ಓಣಿ ಕಾಯೋರ," ಎಂದು ಚಂದ್ರವ್ವನಿಗೆ ಖುಷಿ. "ಮನಿಗೆ ನಂಬರ ಕಾಣವಲ್ದು. ವಿಳಾಸ ಹೆಂಗ ಹೇಳ್ತಾರವಾ?"

"ನಮ್ಮ ಮನಿಗೆ ದೊಡ್ಡ ಚರ್ಚಿನಿಂದ ಎರಡು ಬ್ಲಾಕ್ 'ಅರ್ರಿಬಾ' ಅಂತಾರ, ಆಯಿ. ಅಂದ್ರ ಸೂರ್ಯ ಏಳೂ ಕಡೆ. 'ಅಬಾಹೋ' ಅಂದ್ರ ಮುಳುಗೂ ಕಡೆ," ಎಂದಳು ಸೃಷ್ಟಿ.

ಚಂದ್ರವ್ವ ತೊಡೆ ತಟ್ಟಿ ನಕ್ಕಳು. "ಏರಿ ಬಾ, ಅಬ್ಬಾ ಹೋ! ಸೂರ್ಯಾಗ ಬಾ ಅಂದ್ರ ಮೂಡಲು, ಹೋ ಅಂದ್ರ ಪಡುವಲು. ಇದು ಕನ್ನಡನ ಐತಲ್ಲ!"

ಮರುದಿನ ಶಂಕರ ಸ್ನಾನಕ್ಕೆ ಹೋದಾಗ ಅವಳು ಚೀಲ ಹಿಡಿದು ಹೊರಟೇಬಿಟ್ಟಳು. ಆ ದೊಡ್ಡ ಬಿಳಿ ಚರ್ಚಿನ ಹಿಂದಿನ ಸಂತೆಯಲ್ಲಿ ಕೊತ್ತಂಬರಿ ಕೊಂಡಳು, ಅಲ್ಲಿಯವರು ಗೋವಿನಜೋಳದ ಹಿಟ್ಟು ಅಂಗೈಯಲ್ಲಿ ತಟ್ಟುವುದನ್ನು ನೋಡುತ್ತ ನಿಂತಳು. ಹೊತ್ತು ಹೋದದ್ದು ತಿಳಿಯಲಿಲ್ಲ. ತಿರುಗಿ ಚರ್ಚಿನ ಮುಂದೆ ಬಂದಾಗ ಮಟಮಟ ಮಧ್ಯಾಹ್ನ. ಮೂಡಲು ಯಾವುದು, ಪಡುವಲು ಯಾವುದು, ತಿಳಿಯಲೊಲ್ಲದು. ವೆಂಬ್ಲಿಯ ಆ ದಿನವೇ ಮತ್ತೆ ಕಣ್ಮುಂದೆ ನಿಂತಿತು. ಆದರೂ ಹೆದರಿ ಓಡಾಡಲಿಲ್ಲ. ಒಂದು ಬಾಗಿಲಲ್ಲಿದ್ದ ಮುದುಕಿ ಕುರ್ಚಿ ಸರಿಸಿದಳು. ಇವಳು ಕೂತು, ಎದುರಿನ ಕಂಬದ ನೆರಳನ್ನೇ ನೋಡತೊಡಗಿದಳು. ಒಂದು ತಾಸು. ಅವಳ ಸ್ಪ್ಯಾನಿಷ್, ಇವಳ ಕನ್ನಡ, ಮಾತಿಗೇನೂ ಬರವಾಗಲಿಲ್ಲ.

ಅಷ್ಟರಲ್ಲಿ ಊರೆಲ್ಲ ಹುಡುಕಿ ಬೆವರು ಸುರಿಸುತ್ತ ಶಂಕರ ಟ್ಯಾಕ್ಸಿಯಿಂದ ಇಳಿದ. ಕಣ್ಣಲ್ಲಿ ನೀರಿತ್ತು. ತಾಯಿಯ ತೋಳು ಹಿಡಿದ.

"ನಡಿ ಅವ್ವಾ, ಗಾಡಿ ಹತ್ತು."

ಚಂದ್ರವ್ವ ಅವನ ಕಣ್ಣು ಸೆರಗಿನಿಂದ ಒರೆಸಿದಳು. ಆಮೇಲೆ ತೋಳು ಬಿಡಿಸಿಕೊಂಡಳು.

"ಕೈ ಬಿಡೋ ಮಗನ. ಹೊತ್ತು ವಾಲಿ ಕಂಬದ ನೆಳ್ಳು ಆ ಕಡೆ ಜಾರೇತಿ, ಮೂಡಲು ಅದ. ಎರಡ ಓಣಿ. ನೀ ಗಾಡ್ಯಾಗ ಮುಂದ ಹೋಗಿ ಚಾಕ್ಕ ಇಡು. ನಾ ನಡಕೋತ ಬರ್ತೀನಿ."