ಅಂದಾನಪ್ಪನ ಬ್ಯಾಟರಿ ಗಾಡಿ

ಬಂಕಿನಲ್ಲಿ ಅದಿರು ಲಾರಿಗಳ ಹಿಂದೆ ಕಾದು ಕಾದು ರೋಸಿಹೋಗಿ, ಮರಿಯಮ್ಮನಹಳ್ಳಿಯ ಟೇಲರ್ ಅಂದಾನಪ್ಪ ಹಳೇ ಸ್ಕೂಟರು ಮಾರಿ ಬ್ಯಾಟರಿ ಸ್ಕೂಟರು ತಂದಿದ್ದ. ಮನೆಯಲ್ಲೇ ವೈರು ಚುಚ್ಚಿದರಾಯಿತು, ಯಾರ ಹಂಗೂ ಇಲ್ಲ ಎಂದುಕೊಂಡಿದ್ದ. ಆದರೆ ಊರಿನ ಕರೆಂಟಿಗೆ ಹೊತ್ತುಗೊತ್ತಿರಲಿಲ್ಲ. ಅರೆಬರೆ ಚಾರ್ಜಾದ ಗಾಡಿ ಒಂದು ಸಂಜೆ ಹೊಸಪೇಟೆಯಿಂದ ಬರುವಾಗ ನಡುದಾರಿಯಲ್ಲೇ ನಿಂತಿತು. ತಳದ ಪೆಟ್ರೋಲು ಇಳಿಯಲೆಂದು ಹಳೇ ಸ್ಕೂಟರಿಗೆ ಮಾಡುತ್ತಿದ್ದ ಹಾಗೆ, ಅವನು ಅದನ್ನೂ ಒಂದು ಬದಿಗೆ ವಾಲಿಸಿ ಅಲುಗಾಡಿಸಿದ.

"ಅದರಾಗ ಏನೈತಂತ ಅಲ್ಲಾಡಸ್ತೀರಿ?" ಎಂದಳು ಹಿಂದಿನ ಸೀಟಿನಿಂದ ಇಳಿದ ಹೆಂಡತಿ ಕೊಟ್ರಮ್ಮ. "ಪೆಟ್ರೋಲ್ ಆಗಿದ್ರ ಯಾರನ್ನಾರ ಒಂದು ಬಾಟ್ಲಿ ಬೇಡಬಹುದಿತ್ತು. ಕರೆಂಟ್ ಯಾರು ಕೊಡ್ತಾರ?"

ಇಬ್ಬರೂ ಕೆಂಧೂಳು ಕುಡಿಯುತ್ತ ಗಾಡಿ ತಳ್ಳಿದರು. ಮನೆ ಮುಟ್ಟಿದಾಗ ಊರಿಗೆ ಊರೇ ಕತ್ತಲಲ್ಲಿತ್ತು. ದೂರದ ಗಣಿಗುಡ್ಡದ ಮೇಲೆ ಮಾತ್ರ ದೀಪಗಳು ಝಗಝಗಿಸುತ್ತಿದ್ದವು. ಅಂದಾನಪ್ಪ ತಡಕಾಡಿ ವೈರು ಚುಚ್ಚಿದ. ಚುಚ್ಚದೆ ಇನ್ನೇನು ಮಾಡಬೇಕು?