ಕಿಲುಬಿನ ಕುರ್ಚಿ

ಮಟ್ಟಾಂಚೇರಿಯ ಹಳೆಯ ಶುಂಠಿ ಗೋದಾಮೊಂದು ಈಗ ಕಲಾ ಗ್ಯಾಲರಿಯಾಗಿದೆ. ಶುಂಠಿಯ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಿಲ್ಲ. ಕೋರ್ಟಿನ ಕೆಲಸಕ್ಕೆ ಕೊಚ್ಚಿಗೆ ಬಂದ ನಾನು ಹೊತ್ತು ಕಳೆಯಲು ಒಳಹೊಕ್ಕೆ. ನಡುವೆ ಒಂದು ಕಂಚಿನ ಕುರ್ಚಿ. ತಾವರೆ ಎಲೆಯ ಆಕಾರ, ಬೆನ್ನೊರಗುವಲ್ಲಿ ಬಳ್ಳಿ, ಮೈತುಂಬ ಹಸಿರು ಕಿಲುಬು. ಫಲಕದಲ್ಲಿ 'ಬಳಕೆಯ ಕಲೆ' ಎಂದಿತ್ತು. ಅದರ ಕೆಳಗೇ 'ಕುಳಿತುಕೊಳ್ಳಬಾರದು'. ಬರೆದವನಿಗೆ ನಗು ಬರಲಿಲ್ಲವೇ, ನೀವೇ ಹೇಳಿ.

ಇಂಥದೇ ಒಂದು ತಿರುವನಂತಪುರದ ನನ್ನ ಅಕ್ಕನ ಮನೆಯಲ್ಲಿದೆ. ಭಾವ ಸರಕಾರಿ ವಕೀಲರು. ದೊಡ್ಡ ಮನುಷ್ಯರ ಮನೆಯಲ್ಲಿ ಕಂಡು ಆಸೆಪಟ್ಟು ತಂದರು, ಜಾಗ ಸಾಲದೆಂದು ಅಕ್ಕನ ಬೆತ್ತದ ಕುರ್ಚಿಯನ್ನು ಗುಜರಿಗೆ ಕೊಟ್ಟರು. ಮಂಡಿನೋವಿನ ಅಕ್ಕ ನೆಲದಲ್ಲಿ ಕೂರಲಾರಳು, ಸೋಫಾದಲ್ಲಿ ಕೂತರೆ ಏಳಲಾರಳು. ಕಂಚಿನದರಲ್ಲಿ ಕೂತರೆ ಬಳ್ಳಿ ಚುಚ್ಚುತ್ತಿತ್ತು. ಬೆನ್ನು ನೇರ ಇಟ್ಟುಕೊಂಡರೆ ಚುಚ್ಚುವುದಿಲ್ಲವೆಂದು ಭಾವ ವಾದ ಮಂಡಿಸಿದರು. ನನ್ನ ಬೆನ್ನೂ ಒಮ್ಮೆ ಪ್ರಯತ್ನಿಸಿ ಸೋತಿದೆ. ಅದಕ್ಕೆ ಕಲೆಯ ಸಂಸ್ಕಾರ ಸಾಲದು.

ಕುರ್ಚಿ ತೋರಿಸಲು ಭಾವ ಒಂದು ಸಂಜೆ ಸಹೋದ್ಯೋಗಿಗಳನ್ನು ಚಹಾಕ್ಕೆ ಕರೆದರು. ನಾನೂ ಅಲ್ಲಿಯ ತಂಪಾನೂರು ನಿಲ್ದಾಣದಲ್ಲಿ ರೈಲಿಳಿದು ಹೋಗಿದ್ದೆ. ನಮ್ಮ ಕಾಸರಗೋಡಿನ ಕಡೆ ನೆಂಟರು ಬರುವರೆಂದರೆ ದೀಪ, ಹರಿವಾಣಗಳನ್ನೆಲ್ಲ ಹುಣಸೆಹುಳಿ ಹಾಕಿ ಬೆಳಗಬೇಕು; ಕಿಲುಬು ಕಂಡರೆ ಮನೆಯಾಕೆಯ ಮಾನ ಹೋಯಿತು. ಅಕ್ಕ ಕುರ್ಚಿಯನ್ನೂ ಬಿಡಲಿಲ್ಲ. ಭಾವ ಆಫೀಸಿನಿಂದ ಬರುವಷ್ಟರಲ್ಲಿ ಅದು ಥಳಥಳ ಹೊಳೆಯುತ್ತಿತ್ತು.

"ಇದೆಂತ ಮಾಡಿದ್ದು ಮಾರಾಯ್ತಿ? ಆ ಹಸಿರಿಗೇ ಅಲ್ಲವಾ ದುಡ್ಡು ಕೊಟ್ಟದ್ದು!"

"ಕಿಲುಬಿಗೆ ದುಡ್ಡು ಕೊಡುವವರುಂಟಾ?" ಅಕ್ಕನಿಗೆ ನಿಜವಾಗಿಯೂ ಆಶ್ಚರ್ಯ.

ಬಂದವರಲ್ಲೊಬ್ಬರು ಕುರ್ಚಿಗೆ ಕೈಮುಗಿದು, ಯಾವ ದೇವಸ್ಥಾನದ್ದೆಂದು ವಿಚಾರಿಸಿದರು. ನಗು ತಡೆಯಲು ನಾನು ಉಣ್ಣಿಯಪ್ಪವನ್ನು ಬಾಯಿಗೆ ತುರುಕಿಕೊಂಡೆ. ಅಕ್ಕ ಸಂಜೆಯಿಡೀ ಅಡುಗೆಮನೆಯ ಬಾಗಿಲು ಹಿಡಿದು ನಿಂತೇ ಇದ್ದಳು. ಆಮೇಲೆ ಭಾವ ಯಾರನ್ನೋ ಕರೆಸಿ ಮತ್ತೆ ಕಿಲುಬು ಹಿಡಿಸಿದರು. ಅಕ್ಕನಿಗೊಂದು ಕುರ್ಚಿ ಬೇಕೆಂಬುದು ಆ ರಸಿಕರ ತಲೆಗೆ ಹೊಳೆಯಲೇ ಇಲ್ಲ.

ಇದೆಲ್ಲ ನೆನಪಾಗಿ ಗ್ಯಾಲರಿಯಿಂದಲೇ ಅಕ್ಕನಿಗೆ ಫೋನ್ ಮಾಡಿ, "ನಿನ್ನ ಕುರ್ಚಿಯ ಅಣ್ಣ ಇಲ್ಲಿದ್ದಾನೆ" ಎಂದು ನಕ್ಕೆ. ಅವಳು ನಗಲಿಲ್ಲ.

"ಅದನ್ನು ಕಾಯಲಿಕ್ಕೆ ಯಾರಾದರೂ ಇದ್ದಾರಾ?"

ಆಗಲೇ ನಾನು ತಿರುಗಿ ನೋಡಿದ್ದು. ಗೋಡೆಯ ಬದಿ, ಬ್ಯಾಡ್ಜ್ ಹಾಕಿಕೊಂಡ ನಡುವಯಸ್ಸಿನ ಹೆಂಗಸು.

"ಒಬ್ಬರಿದ್ದಾರೆ."

"ಅವರಿಗೆ ಕೂರಲಿಕ್ಕೆ ಎಂತ ಇಟ್ಟಿದ್ದಾರೆ?"

ಆ ಹೆಂಗಸು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದಳು. ಇಡೀ ಗೋದಾಮಿನಲ್ಲಿ ಒಂದು ಸ್ಟೂಲೂ ಇರಲಿಲ್ಲ. ನನ್ನ ನಗು ನಿಂತು ಸಿಟ್ಟು ಬಂತು.

"ಏನೂ ಇಲ್ಲ ಅಕ್ಕ" ಎಂದೆ.