ಕುಬಸಕ್ಕೆ ಕರೆಯದ ನರ್ಸಬಾಯಿ

ಯುಗಾದಿ ಮುಗಿದ ಮೇಲಿನ ಬುಧವಾರ, ಬೆಳಿಗ್ಗೆ ಏಳು ಗಂಟೆ, ಶಹಾಪುರ ಬಸ್ ನಿಲ್ದಾಣ. ಹಾಜರಿದ್ದವರು ನಾನು ಮತ್ತು ವಿಶ್ವವಿದ್ಯಾಲಯದ ಹುಡುಗಿ. ನಾನು ಆರೋಗ್ಯ ಇಲಾಖೆಗೆ ನರ್ಸ್ ಆಗಿ ಸೇರಿ, ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಆಕೆ ಯಾದಗಿರಿ ಪಕ್ಕದ ಮುದನಾಳದವಳು. ಬಸುರಿಯರು ತವರಿಗೆ ಹೋದ ಮೇಲೆ ಅವರ ತಪಾಸಣೆ ಏನಾಗುತ್ತದೆ ಎಂಬುದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಹಳ್ಳಿಗಳಲ್ಲಿ ನನ್ನ ಪರಿಚಯವಿದೆ ಎಂದು ಅವಳ ಗುರುಗಳು ನನ್ನನ್ನು ಜೊತೆ ಮಾಡಿದ್ದರು.

ಅವಳು ಕಂಡುಕೊಂಡದ್ದು ಇಷ್ಟು. ನಮ್ಮ ಕಡೆ ಬಸುರಿಯ ಹೆಸರು ಗಂಡನ ಊರಿನ ನರ್ಸ್ ಬಳಿ ದಾಖಲಾಗುತ್ತದೆ. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಐದು ಜನ ಮುತ್ತೈದೆಯರು ಉಡಿ ತುಂಬಿದ ಮೇಲೆ ತವರಿನವರು ಕರೆದೊಯ್ಯುತ್ತಾರೆ. ಅಲ್ಲಿಂದ ಮುಂದೆ ಗಂಡನ ಊರಿನ ನರ್ಸ್‌ಗೆ ಅವಳು ಸಿಗುವುದಿಲ್ಲ. ತವರೂರಿನ ನರ್ಸ್‌ಗೆ ಅವಳು ಲೆಕ್ಕಕ್ಕಿಲ್ಲ. ಹೆಚ್ಚು ನೋಡಿಕೊಳ್ಳಬೇಕಾದ ತಿಂಗಳಲ್ಲೇ ನೋಡುವವರಿಲ್ಲ. ಈ ಮಾತನ್ನು ಅಂದು ಸುರಪುರದಲ್ಲಿ ನರ್ಸ್‌ಗಳ ಸಭೆಯಲ್ಲಿ ಅಧಿಕಾರಿಯ ಮುಂದೆ ಇಡಬೇಕಿತ್ತು.

ಅದಕ್ಕೂ ಮೊದಲು ಕಕ್ಕೇರಾ ಸಮೀಪದ ಒಂದು ಹಳ್ಳಿಗೆ ಹೋದೆವು. ಅಲ್ಲಿ ಒಬ್ಬ ಚೊಚ್ಚಲ ಬಸುರಿ ಇದ್ದಳು. ಕೊಟ್ಟದ್ದು ವಡಗೇರಾ ಕಡೆ. ಅಲ್ಲಿಯ ನರ್ಸ್ ಪರೀಕ್ಷೆ ಮಾಡಿ, ರಕ್ತ ಬಹಳ ಕಡಿಮೆ ಇದೆ, ಕಬ್ಬಿಣಾಂಶದ ಸಲಾಯಿನ್ ವಾರಕ್ಕೊಮ್ಮೆ ಹಾಕಿಸಬೇಕು ಎಂದಿದ್ದಳು. ಅಷ್ಟರಲ್ಲಿ ಕುಬಸವಾಯಿತು, ಬಸುರಿ ತವರಿಗೆ ಬಂದಳು. ಈಗ ಎಂಟು ತುಂಬಿತ್ತು. ನಾನು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಬಿಳಿಚಿಕೊಂಡಿತ್ತು. ಹೀಗೇ ಹೆರಿಗೆಗೆ ಬಿಟ್ಟರೆ ಏನಾದೀತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಸಲಾಯಿನ್ ಯಾಕ ಹಾಕಿಸಿಲ್ಲವ್ವಾ?" ಎಂದೆ ತಾಯಿಗೆ. ಆಕೆ ರೊಟ್ಟಿ ಬಡಿಯುತ್ತಿದ್ದಳು.

"ಇಲ್ಲಿ ನರ್ಸಬಾಯಿಗಿ ಕೇಳೀನ್ರಿ ಬಾಯಾರ. ಹೆಸರು ಅಕಡಿ ಐತಿ, ಮೀಟಿಂಗಿನಾಗ ಕೇಳಿ ಹೇಳ್ತೀನಿ ಅಂದಾಳ. ಬಾಣಂತನಕ್ಕ ಕರ್ಕೊಂಡು ಬಂದಾಕಿನ್ನ ನಡುವ ಹೆಂಗ ತಿರುಗಿ ಕಳಸ್ಲಿ? ಮಗಳಿಗಿ ಕೂಳು ಹಾಕಾಕ ಆಗ್ಲಿಲ್ಲೇನು ಅಂತಾರ ಬೀಗರು."

"ನನಗೇನಾಗಿಲ್ರಿ. ನಡದ್ರ ಸ್ವಲ್ಪ ದಮ್ಮು ಬರ್ತೈತಿ, ಅಷ್ಟ" ಎಂದಳು ಮಗಳು. ನಮಗೆ ನೀರು ತರಲು ಎದ್ದವಳು ತಂಬಿಗೆ ಕೆಳಗಿಟ್ಟು ಗೋಡೆ ಹಿಡಿದು ನಿಂತಳು. ವಿಶ್ವವಿದ್ಯಾಲಯದ ಹುಡುಗಿ ಓಡಿ ಹೋಗಿ ಅವಳನ್ನು ಕೂಡಿಸಿ, ಬೆನ್ನು ಸವರುತ್ತ ಕೂತಳು.

ತಾಯಿ ಅವಳನ್ನೇ ನೋಡುತ್ತಿದ್ದಳು. "ಮಂದಿ ಬಸುರಿನ ಸುದ್ದಿ ಎಷ್ಟ ಕೇಳ್ತೀಯವ್ವಾ. ನಿನ್ನ ಕುಬಸ ಯಾವಾಗ?"

"ಮೊದಲ ಮದುವಿ ಆಗ್ಬೇಕಲ್ರಿ."

"ಅದಕ್ಕ ಯಾರ ಪರವಾನಿಗಿ ಬೇಕ?"

"ನಮ್ಮ ಗೈಡ್ ಸರ್‌ದುರಿ."

ಬಸುರಿ ನಕ್ಕಳು. ನಾನು ಗಡಿಯಾರ ನೋಡಿ, "ಸೀರಿ ಬದಲಿಸು, ಸುರಪುರಕ್ಕ ಹೋಗೋಣು. ಸಲಾಯಿನ್ ಇವತ್ತ ಶುರು ಮಾಡ್ಸೋಣು" ಎಂದೆ.

ತಾಯಿ ಕೈ ತೊಳೆದುಕೊಂಡಳು. "ಇವತ್ತ ನೀವು ಬಂದೀರಿ ಬಾಯಾರ. ಮುಂದಿನ ವಾರ ಯಾರ್ ಬರ್ತಾರ್ರಿ?"

ಒಂದು ಸಲ ಕರೆದೊಯ್ಯುವುದು ಯಾರ ಕೈಲಾದರೂ ಆಗುತ್ತದೆ. ಹೆರಿಗೆಯವರೆಗೆ ಬೆನ್ನಿಗೆ ನಿಲ್ಲಲು ಆ ಊರಿನ ನರ್ಸೇ ಬೇಕು.

ಹನ್ನೊಂದಕ್ಕೆ ಸುರಪುರದಲ್ಲಿ ಸಭೆ ಸೇರಿತು. ಜೊತೆಗೆ ಕರೆತಂದ ತಾಯಿ ಮಗಳಿಬ್ಬರನ್ನೂ ಹಿಂದಿನ ಬೆಂಚಿನಲ್ಲಿ ಫ್ಯಾನಿನ ಕೆಳಗೆ ಕೂಡಿಸಿದೆ. ಹುಡುಗಿ ತನ್ನ ಅಧ್ಯಯನವನ್ನು ಚೆನ್ನಾಗಿಯೇ ವಿವರಿಸಿದಳು. ಕೊನೆಗೆ, ಕುಬಸದ ದಿನ ಗೊತ್ತಾದ ಕೂಡಲೇ ಮನೆಯವರು ನರ್ಸ್‌ಗೆ ತಿಳಿಸಬೇಕು ಎಂದಳು. ಸಭೆಯಲ್ಲಿ ನಗೆ ಎದ್ದಿತು.

"ಕುಬಸದ ಸುದ್ದಿ ಬಳಿಗಾರಗ ಗೊತ್ತಾಗ್ತೈತ್ರಿ, ನಮಗಲ್ಲ" ಎಂದಳು ಒಬ್ಬ ನರ್ಸ್. ಕಕ್ಕೇರಾ ಕಡೆಯ ಆ ಹಳ್ಳಿಯನ್ನು ನೋಡಿಕೊಳ್ಳುವವಳೇ. "ಊಟಕ್ಕಾದ್ರೂ ಕರದ್ರ ಗೊತ್ತಾದೀತು."

"ಹಂಗಾರ ಕರೀಲಿ ಅಕ್ಕಾ" ಎಂದಳು ಹುಡುಗಿ. "ಎರಡೂ ಊರಿನ ನರ್ಸ್ ಕುಬಸಕ್ಕ ಬರಬೇಕು ಅಂತ ಬರೀತೀನಿ. ಅಲ್ಲೇ ಬಿಪಿ ನೋಡ್ರಿ, ಅಲ್ಲೇ ಮಾತಾಡ್ಕೊಳ್ರಿ, ಉಡೀನೂ ತುಂಬ್ರಿ."

ಆ ನರ್ಸ್ ನಗು ನಿಲ್ಲಿಸಿದಳು. "ನನ್ನ ಕರಿಯಂಗಿಲ್ಲವ್ವಾ. ನನ್ನ ಗಂಡ ಇಲ್ಲ."

ಹುಡುಗಿ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. ಊರೂರು ತಿರುಗಿ ಅಷ್ಟೊಂದು ಪ್ರಶ್ನೆ ಕೇಳಿದವಳಿಗೆ ಇದನ್ನು ಕೇಳಲು ಹೊಳೆದಿರಲಿಲ್ಲ. ಹೇಳಲು ನನಗೂ ಹೊಳೆದಿರಲಿಲ್ಲ.

ಹಿಂದಿನ ಬೆಂಚಿನಿಂದ ತಾಯಿ ಎದ್ದು ನಿಂತಳು. "ನಮ್ಮ ಕುಬಸ ಮುಗದೈತ್ರಿ. ತೊಟ್ಟಲಕ್ಕ ಹಾಕೋದಕ್ಕ ಬರ್ರಿ. ಕೂಸಿನ್ನ ನೀವ ಎತ್ತಿ ಹಾಕ್ರಿ."

"ನಿಮ್ಮ ಬೀಗರು ಸುಮ್ಮನಿರ್ತಾರೇನು?" ಎಂದಳು ನರ್ಸ್.

"ಅದು ತವರುಮನಿ ತೊಟ್ಟಲ. ಅವರು ಉಂಡು ಹೋಗ್ಲಿ."

ಈ ಸಲದ ನಗೆಯಲ್ಲಿ ಆ ನರ್ಸ್ ಕೂಡ ಸೇರಿದಳು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, ಬಸುರಿ ಯಾವ ಊರಲ್ಲಿ ಮಲಗಿ ಏಳುತ್ತಾಳೋ ಆ ಊರಿನ ನರ್ಸ್ ಆಕೆಯನ್ನು ನೋಡಬೇಕು, ಹೆಸರು ಎಲ್ಲಿದ್ದರೂ ಸರಿ, ಇಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳಬೇಕು ಎಂದರು. ಬರವಣಿಗೆಯಲ್ಲಿ ಆದೇಶ ಬರುತ್ತದೆ ಎಂದೂ ಹೇಳಿದರು.

"ಕುಬಸಕ್ಕ ಕರಿಯೋದು, ಸರ್?" ಹುಡುಗಿ ಕೇಳಿದಳು.

"ಅದನ್ನ ಆದೇಶದಾಗ ಬರಿಯಾಕ ಬರಂಗಿಲ್ಲಮ್ಮಾ. ನೀ ನಿನ್ನ ಪುಸ್ತಕದಾಗ ಬರಿ. ಮಿಕ್ಕಿದ್ದು ಇವರು ಮನಿಮನಿಗಿ ಹೇಳ್ತಾರ."

ಊಟವಾದ ಮೇಲೆ ಆಸ್ಪತ್ರೆಗೆ ಹೋದೆವು. ಕರೆದೊಯ್ದದ್ದು ನಾನಲ್ಲ. ಆ ನರ್ಸ್ ಮುಂದೆ, ಅವಳ ತೋಳು ಹಿಡಿದು ಬಸುರಿ, ಅವರ ಹಿಂದೆ ನಾವು. ವೈದ್ಯರು ಪರೀಕ್ಷಿಸಿ ಸಲಾಯಿನ್ ಬರೆದುಕೊಟ್ಟರು. ಸೂಜಿ ಚುಚ್ಚುವಾಗ ಬಸುರಿ ಮುಖ ಆ ಕಡೆ ತಿರುಗಿಸಿದಳು. "ಅಲ್ಲಿ ನೋಡಬ್ಯಾಡ, ನನ್ನ ಮಾರಿ ನೋಡು" ಎಂದಳು ನರ್ಸ್. "ಏನ್ ಚಂದ ಐತಂತ ನೋಡ್ಲಿರಿ" ಎಂದು ಇವಳು ನಕ್ಕಾಗ ಸೂಜಿ ಒಳಗೆ ಹೋಗಿ ಆಗಿತ್ತು.

ಹನಿ ನಿಂತ ಮೇಲೂ ಸ್ವಲ್ಪ ಹೊತ್ತು ಮಲಗಿಸಿ, ನಾಡಿ ನೋಡಿ, ಸೂಜಿ ತೆಗೆದರು. ನರ್ಸ್ ಹತ್ತಿ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. "ಮುಂದಿನ ಬುಧವಾರ ಮುಂಜಾನಿ ಬಸ್ಸಿಗಿ ನಿಮ್ಮ ಮನಿ ಮುಂದ ಬರ್ತೀನಿ, ತಯಾರಿರು" ಎಂದಳು. ಹತ್ತಿ ಎತ್ತಿ ನೋಡಿದಳು. ರಕ್ತ ನಿಂತಿತ್ತು. ಬಸುರಿಯ ಮುಂಗೈಗೆ ಪಟ್ಟಿ ಅಂಟಿಸಿ, ಸೂಜಿಗೆಂದು ಮೇಲೆ ಸರಿಸಿದ್ದ ಹಸಿರು ಬಳೆಗಳನ್ನು ಒಂದೊಂದಾಗಿ ಕೆಳಗಿಳಿಸಿದಳು.